ಹಳೇ ಟ್ರ್ಯಾಕ್ಟರ್ ಪರೀಕ್ಷಾ ವಿಧಾನ

ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಭತ್ತ, ಹಿರೇಕೆರೂರಿನ ಗೋವಿನಜೋಳ, ಎಲ್ಲ ಕಡೆಯ ಕಬ್ಬು, ಮೇವು, ಉಸುಕು, ಇವನ್ನೆಲ್ಲ ಎಳೆಯುವುದು ಟ್ರ್ಯಾಕ್ಟರ್. ಅದನ್ನು ಕೊಳ್ಳುವ ಆಸೆ ರೈತನಲ್ಲಿ ಹುಟ್ಟುವುದು ಸುಗ್ಗಿಯ ದಿನ ಬಾಡಿಗೆ ಗಾಡಿಯವನು ಫೋನ್ ಎತ್ತದಿದ್ದಾಗ. ಶೋರೂಮಿನಲ್ಲಿ ಹೊಸದರ ಬೆಲೆ ಕೇಳಿದ ಮೇಲೆ ಅದೇ ಆಸೆ ಹಳೇ ಗಾಡಿಯತ್ತ ಹೊರಳುತ್ತದೆ.

ಹಳೇ ಗಾಡಿಗಳಲ್ಲಿ ಹೆಚ್ಚು ಕಾಣುವುದು ಮೂರು ಸಿಲಿಂಡರಿನ ಮ್ಯಾಸಿ 1035 ಮತ್ತು ನಾಲ್ಕು ಸಿಲಿಂಡರಿನ ಮಹೀಂದ್ರಾ 575. ಅಪರೂಪಕ್ಕೆ ಎಚ್‌ಎಂಟಿಯೂ ಬರುತ್ತದೆ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲೇ ಒಪ್ಪಿದ್ದರಿಂದ, ಅದನ್ನು ಕೊಂಡವನು ಬಿಡಿಭಾಗಕ್ಕಾಗಿ ಇನ್ನೊಂದು ಎಚ್‌ಎಂಟಿ ಸಾಯುವುದನ್ನೇ ಕಾಯಬೇಕು.

ಪರೀಕ್ಷೆಯ ಮೊದಲ ಹಂತ, ಬಾನೆಟ್ ಮೇಲೆ ಅಂಗೈ ಇಡುವುದು. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲವಾದ್ದರಿಂದ ಮಾರುವವನು ನಸುಕಿನಲ್ಲೇ ಅದನ್ನು ಚಾಲೂ ಮಾಡಿ ಬಿಸಿ ಮಾಡಿಟ್ಟಿರುತ್ತಾನೆ. ಕೇಳಿದರೆ, 'ಬಿಸಲಿಗೆ ಕಾದೈತ್ರೀ' ಎನ್ನುತ್ತಾನೆ. ಗಾಡಿ ನಿಂತಿರುವುದು ಬೇವಿನ ಮರದ ನೆರಳಲ್ಲಿ.

ಎರಡನೆಯ ಹಂತ ಹೊಗೆ. ಶಾಸ್ತ್ರ ಸರಳವಾಗಿದೆ: ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರಿರಬಹುದು. ತೊಡಕಿರುವುದು ಸಭೆಯಲ್ಲಿ. ಚಹಾದಂಗಡಿಯಿಂದ ಎದ್ದು ಬಂದವರೆಲ್ಲ ಸೈಲೆನ್ಸರಿನ ಸುತ್ತ ಕತ್ತೆತ್ತಿ ನಿಲ್ಲುತ್ತಾರೆ. ಒಬ್ಬನಿಗೆ ಹೊಗೆ ನೀಲಿ ಕಾಣುತ್ತದೆ, ಇನ್ನೊಬ್ಬನಿಗೆ ಕಪ್ಪು. ಮೂರನೆಯವನು, ಟ್ರ್ಯಾಕ್ಟರನ್ನೇ ಇಟ್ಟುಕೊಳ್ಳದವನು, ಎರಡೂ ಅಲ್ಲ ಎನ್ನುತ್ತಾನೆ. ಕೊಳ್ಳುವವನು ಮೂವರಿಗೂ ತಲೆಯಾಡಿಸುತ್ತಾನೆ. ಆಗ ಗ್ಯಾರೇಜಿನ ಮೇಸ್ತ್ರಿ ಆಯಿಲ್ ಮುಚ್ಚಳ ಬಿಚ್ಚಿ, ಅದರ ಬಾಯಿಗೆ ಅಂಗೈ ಹಿಡಿದು, ಕಣ್ಣು ಮುಚ್ಚುತ್ತಾನೆ. ಸಭೆಯೂ ಉಸಿರು ಹಿಡಿಯುತ್ತದೆ. ಒಳಗಿಂದ ಗಾಳಿ ರಭಸದಿಂದ ನುಗ್ಗಿದರೆ ಪಿಸ್ಟನ್ ರಿಂಗುಗಳು ಸವೆದಿವೆ ಎಂದು ತಿಳಿಯಬೇಕು. ಮೇಸ್ತ್ರಿ ಬಾಯಿ ಬಿಡುವುದಿಲ್ಲ, ಮುಖದಲ್ಲೂ ಏನೂ ತೋರಗೊಡುವುದಿಲ್ಲ. ಕಡೆಗೆ ಕೊಳ್ಳುವವನೂ ಮುಂದೆ ಬಂದು ತನ್ನ ಅಂಗೈ ಹಿಡಿಯುತ್ತಾನೆ. ಬೆಚ್ಚನೆಯ ಗಾಳಿ ತಾಗುತ್ತದೆ. ಅದು ಹೆಚ್ಚೋ ಕಡಿಮೆಯೋ ಅವನಿಗೆ ಗೊತ್ತಿಲ್ಲ. ಆದರೂ 'ಹೂಂ' ಎಂದು ಗಂಭೀರವಾಗಿ ಹೇಳಿ, ಆಯಿಲ್ ಮೆತ್ತಿದ ಕೈಯನ್ನು ಬಿಳಿ ಧೋತರಕ್ಕೆ ಒರೆಸಿಕೊಳ್ಳುತ್ತಾನೆ. ಆ ಕಲೆ ಬಿದ್ದ ಗಳಿಗೆಯಲ್ಲೇ ಅರ್ಧ ವ್ಯಾಪಾರ ಮುಗಿದಂತೆ.

ಕಾಗದಪತ್ರದ ಹಂತ ಚಿಕ್ಕದು. ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆ ಬೇರೆ ನಂಬರು, ಬೇರೆ ಬೇರೆ ಆರ್‌ಸಿ. ಕೆಎ-27 ಎಂದಿದ್ದರೆ ಹಾವೇರಿ ಜಿಲ್ಲೆಯದೇ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಸಾಲ ತೀರಿದ ಪತ್ರ ಬೇಕು. 15 ವರ್ಷ ದಾಟಿದ್ದರೆ ನೋಂದಣಿ ನವೀಕರಿಸಿದೆಯೇ ಎಂದು ನೋಡಬೇಕು.

ಇಷ್ಟು ದೊಡ್ಡ ಸಭೆಯಲ್ಲಿ ಬ್ರೇಕು ತುಳಿದು ನೋಡುವವನು ಒಬ್ಬನೂ ಇರುವುದಿಲ್ಲ. ಟ್ರ್ಯಾಕ್ಟರಿನ ಎಡ, ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲು. ರಸ್ತೆಗಿಳಿದಾಗ ಎರಡನ್ನೂ ಚಿಲಕ ಹಾಕಿ ಜೋಡಿಸದೆ ಒಂದನ್ನೇ ತುಳಿದರೆ ಗಾಡಿ ಒಂದೇ ಬದಿಗೆ ಎಳೆಯುತ್ತದೆ. ಬಹುತೇಕ ಟ್ರೇಲರುಗಳಿಗೆ ಬ್ರೇಕೇ ಇಲ್ಲ; ಇಳಿಜಾರಿನಲ್ಲಿ ತುಂಬಿದ ಹೇರು ಟ್ರ್ಯಾಕ್ಟರನ್ನೇ ಮುಂದಕ್ಕೆ ನೂಕುತ್ತದೆ. ಮಿತಿ ಮೀರಿ ಹೇರಿ, ಮುಂಗಾಲಿ ಮೇಲೆದ್ದಾಗ ಸೀಟಿ ಹೊಡೆಯುವವರಿಗೆ, ಆ ಕ್ಷಣ ಸ್ಟೇರಿಂಗು ಯಾರ ಕೈಯಲ್ಲೂ ಇಲ್ಲವೆಂಬುದು ತಿಳಿಯುವುದಿಲ್ಲ. ಶಿಗ್ಗಾಂವಿ ಬಳಿ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಕೆಟ್ಟು ನಿಂತ, ಹಿಂದೆ ಕೆಂಪು ರಿಫ್ಲೆಕ್ಟರಿಲ್ಲದ ಟ್ರೇಲರ್ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದೇ ಇಲ್ಲ. ರಿಫ್ಲೆಕ್ಟರ್ ಸ್ಟಿಕರಿಗೆ ತಗಲುವ ಖರ್ಚು ಚಹಾದಂಗಡಿಯ ಆ ದಿನದ ಬಿಲ್ಲಿಗಿಂತ ಹೆಚ್ಚಲ್ಲ.

ವರ್ಷವಿಡೀ ಹೇರು ಖಚಿತವಿದ್ದು, ಕೂಗಳತೆಯಲ್ಲಿ ಮೇಸ್ತ್ರಿ ಇದ್ದರೆ ಹಳೇ ಗಾಡಿ ಕೊಳ್ಳಬಹುದು. ಬರೀ ಸುಗ್ಗಿಯ ಮಟ್ಟಿಗಾದರೆ ಬಾಡಿಗೆಯೇ ಅಗ್ಗ. ಈ ಲೆಕ್ಕ ಕೊಳ್ಳುವವನಿಗೂ ಗೊತ್ತು. ಆದರೂ ಅವನ ಕೈ ಸಂಚಕಾರದ ಹಣ ಎಣಿಸುತ್ತಿರುತ್ತದೆ. ಅಂಥವರು ಹಣ ಕೊಡುವ ಮೊದಲು ಒಮ್ಮೆ ಬ್ರೇಕು ತುಳಿದು ನೋಡಬೇಕು. ಕೊಟ್ಟ ಮೇಲಾದರೂ ನೋಡಲೇಬೇಕು.