ಶಾಲು ಬೇರೆ, ಮಹಡಿ ಬೇರೆ

ನಮ್ಮ ಮೂಡಿಗೆರೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ಯಾರೂ ಬಾಗಿಲಲ್ಲೇ ಇಲ್ಲ ಅನ್ನುವುದಿಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಡುತ್ತಾರೆ. ಆಮೇಲೆ ಯಾವ ಊರಾಯ್ತು, ಯಾರ ಪೈಕಿ, ಮೀನು-ಮಾಂಸ ಮಾಡ್ತೀರಾ ಅಂತ ಒಂದೊಂದೇ ಪ್ರಶ್ನೆ ಬರುತ್ತದೆ. ಅಷ್ಟರಲ್ಲೂ ಪಾಸಾದವರಿಗೆ ಕೊನೆಯದೊಂದು: "ನಾಯಿ ಇದ್ಯಾ?" ಇದೆ ಅಂದಿರೋ, ಲೋಟ ಕೆಳಗಿಡುವಷ್ಟರಲ್ಲಿ ಮನೆಗೆ ಬೇರೆ ಯಾರೋ ಆಗಲೇ ಮಾತಾಡಿಟ್ಟಿರುವುದು ಯಜಮಾನರಿಗೆ ನೆನಪಾಗುತ್ತದೆ.

ದಾಸವಾಳದ ಬೇಲಿಯಾಚೆ ಇರುವ ಅಕ್ಕನ ಮಹಡಿ ಮನೆ ಖಾಲಿ ಬಿದ್ದು ತಿಂಗಳುಗಳಾದವು. ಕಳಸದ ಕಡೆಯವರೊಬ್ಬರು ಕೇಳಿಕೊಂಡು ಬಂದಿದ್ದರು. ಹವಾಲ್ದಾರ್ ಆಗಿ ನಿವೃತ್ತರಾದವರು, ಮಗಳ ಕಾಲೇಜಿಗಾಗಿ ಪೇಟೆಗೆ ಬರಬೇಕು. ಮೂರು ಪ್ರಶ್ನೆ ದಾಟಿ ನಾಲ್ಕನೆಯದಕ್ಕೆ ಸಿಕ್ಕಿಬಿದ್ದರು.

"ಮಿಲಿಟ್ರಿಯವ್ರು ಅಂದ್ರೆ ನಂಗೆ ಭಾರಿ ಗೌರವ ಮಾರಾಯ್ತಿ, ನಾಯಿ ಮಾತ್ರ ಬೇಡ" ಅಂದರು ಅಕ್ಕ, ಬಟ್ಟೆ ಒಣಹಾಕುತ್ತ.

"ಆಗಸ್ಟ್ 15ಕ್ಕೆ ಮಾಜಿ ಸೈನಿಕರಿಗೆ ಶಾಲು ಹೊದಿಸಿದ್ದು ನಿಮ್ಮ ಮಹಿಳಾ ಸಂಘವೇ ಅಲ್ವಾ ಅಕ್ಕಾ?"

"ಶಾಲು ಬೇರೆ, ಮಹಡಿ ಬೇರೆ."

ಅಕ್ಕ ನಾಯಿ ಕಾಣದವರಲ್ಲ. ಅವರ ತವರಿನ ತೋಟದಲ್ಲಿ ಹೊಸ ಮುಖ ಕಂಡರೆ ಒಂದು ಪಡೆ ನಾಯಿ ಗೇಟಿಗೆ ಓಡಿಬರುತ್ತಿತ್ತು. ಅದನ್ನೇ ನೆನಪಿಸಿದೆ. "ಅವು ತೋಟದ ನಾಯಿ. ಅವಕ್ಕೆ ಕೆಲ್ಸ ಇತ್ತು" ಅಂದರು.

ಅವರ ಮಾತಿನಲ್ಲಿ ಮಲೆನಾಡಿನ ಶಾಸ್ತ್ರವೇ ಇದೆ. ನಮ್ಮಲ್ಲಿ ನಾಯಿ ಸಾಕುವುದು ಮುದ್ದಿಗಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕಣದ ತುಂಬ ಕಾಫಿ, ಅದರ ಹಿಂದೆಯೇ ಕಾಳುಮೆಣಸು. ರಾತ್ರಿ ಕಾಯುವುದಕ್ಕೆ ನಾಯಿ ಬೇಕು. ಕಿರುಬ ಬಂದರೆ ಮೊದಲು ಹೋಗುವುದೂ ಅದೇ. ಹೋದರೆ ಎರಡು ದಿನ ಅಯ್ಯೋ ಪಾಪ ಅಂದು ಮೂರನೆಯ ದಿನ ಲೈನ್ ಮನೆಯಿಂದ ಇನ್ನೊಂದು ಮರಿ ತರುತ್ತೇವೆ. ತೇಜಸ್ವಿಯವರ 'ಕಿವಿ' ಅನ್ನುವ ನಾಯಿಯ ಕತೆ ಓದಿ ನಕ್ಕವರೇ ಎಲ್ಲರೂ, ಆದರೂ ಸುಮ್ಮನೆ ಜೊತೆಗಿರುವ ನಾಯಿಗೂ ಒಂದು ಲೆಕ್ಕ ಇದೆ ಅಂತ ನಮ್ಮ ತಲೆಗೆ ಹೋಗಿಲ್ಲ.

ಆ ಮಿಲಿಟ್ರಿಯವರ ನಾಯಿಗೆ ಕೆಲಸ ಇಲ್ಲವೇ? ಇದೆ. ಅವರು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನವರು. ಕಾಶ್ಮೀರದಲ್ಲಿ ನೆಲಬಾಂಬು ಹುಡುಕುವ ಕೆಲಸದಲ್ಲಿದ್ದವರು. ಊರಿಗೆ ಬಂದರೆ ಇಲ್ಲಿ ಆನೆ ಕಾಟ. ತೋಟಕ್ಕೆ ಆನೆ ಇಳಿಯಿತೆಂದರೆ ನಡುರಾತ್ರಿ ಪಟಾಕಿ. ನಮಗೆ ಅದು ಆನೆ ಓಡಿಸುವ ಸದ್ದು, ಅವರಿಗೆ ಬೇರೆಯೇ. ಎದ್ದು ಕೂತರೆ ಬೆಳಗಿನವರೆಗೆ ನಿದ್ದೆ ಇಲ್ಲ. ಆಗ ಆ ನಾಟಿ ನಾಯಿ ಬಂದು ಪಾದದ ಮೇಲೆ ಮೈಯ ಭಾರವೆಲ್ಲ ಹಾಕಿ ಮಲಗುತ್ತದಂತೆ. ಅಲ್ಲಾಡುವ ಹಾಗಿಲ್ಲ. ಹಾಗೇ ಕೂತಲ್ಲೇ ಅವರಿಗೆ ಜೊಂಪು ಹತ್ತುತ್ತದೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಗಂಡಸರು ಇಂಥದ್ದನ್ನು ಮನೆ ಕೇಳಲು ಬಂದಾಗ ಹೇಳುತ್ತಾರೆಯೇ?

"ಅದಕ್ಕೆ ಡಾಕ್ಟ್ರಿಲ್ವಾ? ಅವ್ರಿಗೆ ಎಲ್ಲ ಫ್ರೀ ಅಲ್ವಾ?" ಅಂದರು ಅಕ್ಕ.

ಡಾಕ್ಟರಿದ್ದಾರೆ. 2003ರಿಂದ ಇಸಿಎಚ್‌ಎಸ್ ಅಂತ ಮಾಜಿ ಸೈನಿಕರ ಆರೋಗ್ಯ ಯೋಜನೆಯೇ ಇದೆ. ಗುಳಿಗೆ ಕಾರ್ಡಿನ ಮೇಲೆ ಸಿಗುತ್ತದೆ. ನಾಯಿಗೆ ಮಾತ್ರ ಯಾವ ಕಾರ್ಡೂ ಇಲ್ಲ.

ಅಮೆರಿಕದಲ್ಲಿ ಇದಕ್ಕೆ ದಾರಿ ಮಾಡಿಕೊಂಡಿದ್ದಾರೆ ಅಂತ ಶುರು ಮಾಡಿದೆ. ಮನೆ ಕೊಡುವುದರಲ್ಲಿ ಭೇದ ಮಾಡಬಾರದು ಅಂತ 1968ರಲ್ಲಿ ಒಂದು ಕಾನೂನು ಬಂತು. 1988ರಲ್ಲಿ ಅದಕ್ಕೆ ಅಂಗವಿಕಲರನ್ನೂ ಸೇರಿಸಿದರು. ಯುದ್ಧದಿಂದ ಮನಸ್ಸು ಜರ್ಜರಿತವಾಗಿ ಬಂದ ಸೈನಿಕರೂ ಅದರಡಿ ಬರುತ್ತಾರೆ. ವೈದ್ಯರ ಪತ್ರವಿದ್ದರೆ "ಇಲ್ಲಿ ಪ್ರಾಣಿ ಸಾಕುವಂತಿಲ್ಲ" ಅಂತ ಬೋರ್ಡು ಹಾಕಿದ ಕಟ್ಟಡದಲ್ಲೂ ಅಂಥ ನಾಯಿಗೆ ಜಾಗ ಕೊಡಬೇಕು, ನಾಯಿಯ ಹೆಸರಲ್ಲಿ ಹೆಚ್ಚಿಗೆ ದುಡ್ಡು ಕೇಳುವಂತಿಲ್ಲ. ಅದು ತರಬೇತಿ ಪಡೆದ ನಾಯಿಯೇ ಆಗಬೇಕೆಂದೂ ಇಲ್ಲ, ಹತ್ತಿರ ಇದ್ದರೆ ಸಾಕು.

"ಹಾಗಾದ್ರೆ ಎಲ್ರೂ ಪತ್ರ ತಂದ್ರೆ?"

ತಂದರು ಕೂಡ. ದುಡ್ಡು ಕಟ್ಟಿದರೆ ಮನೆಗೇ ಪತ್ರ ಕಳಿಸುವ ಅಂಗಡಿಗಳು ಹುಟ್ಟಿಕೊಂಡವು. 2018ರಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬಾಕೆ ನವಿಲನ್ನೇ ಕರೆತಂದರು. ನನ್ನ ಮನಸ್ಸಿಗೆ ಇದೇ ಆಸರೆ, ವಿಮಾನ ಹತ್ತಿಸಿ ಅಂತ. ವಿಮಾನದವರು ಹತ್ತಿಸಲಿಲ್ಲ. ಅಕ್ಕ ಬಟ್ಟೆ ಬಿಟ್ಟು ಬೇಲಿ ಹತ್ತಿರ ಬಂದರು. "ನವಿಲಾ! ನಮ್ಮಲ್ಲಾದ್ರೆ ವಿಮಾನದವ್ರಿಗಿಂತ ಮೊದ್ಲು ಫಾರೆಸ್ಟಿನವ್ರು ಬರ್ತಿದ್ರು." ನಿಜವೇ, 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ನವಿಲಿದೆ.

ಆಮೇಲೆ ಸತ್ಯ ಮುಚ್ಚಿಡಬಾರದು ಅಂತ ಇನ್ನೊಂದು ಮಾತು ಹೇಳಿದೆ. ಯಜಮಾನರು ಅದೇ ಕಟ್ಟಡದಲ್ಲಿ ವಾಸವಿದ್ದು, ಅದರಲ್ಲಿ ನಾಲ್ಕೇ ಮನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಮೆರಿಕದ ಆ ಕಾನೂನಿನಿಂದಲೂ ವಿನಾಯಿತಿ ಇದೆ. ಅಂದರೆ ಕೆಳಗೆ ತಾನಿದ್ದು ಮಹಡಿ ಬಾಡಿಗೆಗೆ ಕೊಡುವ ನಮ್ಮ ಅಕ್ಕ ಅಲ್ಲಿದ್ದರೂ ಪಾರು. ಅಕ್ಕನ ಮುಖ ಅರಳಿತು.

ನಮ್ಮ ದೇಶದ ಕತೆ ಇನ್ನೂ ಸೊಗಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೂ ಜಾಗವಿದೆ, 2017ರಲ್ಲಿ ಮಾನಸಿಕ ಆರೋಗ್ಯಕ್ಕೇ ಒಂದು ಕಾಯ್ದೆ ಬಂದಿದೆ. ಎರಡರಲ್ಲೂ ನಾಯಿಯ ಪ್ರಸ್ತಾಪ ಇಲ್ಲ. ನಾಯಿಯ ಪರವಾಗಿ ಇರುವುದು ಬೇರೆ ಕಡೆ. ವಸತಿ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಲ್ಲಿ ಬರಬೇಡ ಅನ್ನುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸೂಚನೆ ಹೊರಡಿಸಿತು. 2021ರಲ್ಲಿ ಕೇರಳ ಹೈಕೋರ್ಟ್ ಇಂಥ ನಿಷೇಧದ ನಿಯಮಗಳು ಕಾನೂನಿಗೆ ವಿರುದ್ಧ ಅಂತಲೇ ಹೇಳಿತು. ಇದೆಲ್ಲ ಸಂಘಗಳಿಗೆ ಹೇಳಿದ್ದು, ಲಿಫ್ಟ್ ಇರುವ ಊರಿಗೆ. ಕರಾರುಪತ್ರದಲ್ಲಿ "ನಾಯಿ ಸಾಕತಕ್ಕದ್ದಲ್ಲ" ಅಂತ ಒಂದು ಸಾಲು ಬರೆಸುವ ಯಜಮಾನರ ಮುಂದೆ ಬಾಡಿಗೆಯವರ ಕೈಯಲ್ಲಿ ಏನಿದೆ, ಬಾಯಿ ಒಂದೇ.

ಸೈನಿಕರ ಮನೆಯ ಬಗ್ಗೆ ಕಾನೂನೇ ಇಲ್ಲ ಅನ್ನಬೇಡಿ. ನಮ್ಮ ರಾಜ್ಯದ 1999ರ ಬಾಡಿಗೆ ಕಾಯ್ದೆಯಲ್ಲಿ ನಿವೃತ್ತ ಸೈನಿಕ ತನ್ನ ಸ್ವಂತ ಮನೆಯನ್ನು ಬಾಡಿಗೆದಾರರಿಂದ ಬೇಗ ಬಿಡಿಸಿಕೊಳ್ಳಲು ವಿಶೇಷ ಅವಕಾಶ ಇದೆ. ಸ್ವಂತ ಮನೆ ಇದ್ದವರಿಗೆ ತಾನೇ? ಅದೂ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗೆ ಆ ಕಾಯ್ದೆ ಲಾಗೂ ಆಗುವುದಿಲ್ಲ. ಈಗ ಎರಡು ಸಾವಿರಕ್ಕೆ ಸ್ಕೂಟರ್ ನಿಲ್ಲಿಸುವ ಶೆಡ್ಡು ಸಿಕ್ಕಿದರೆ ಪುಣ್ಯ.

"ಅವ್ರಿಗೆ ಜಾಗ ಕೊಡ್ತಾರಲ್ವಾ ಸರ್ಕಾರದಿಂದ?"

1969ರ ಭೂಮಂಜೂರಾತಿ ನಿಯಮದಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಶೇಕಡಾ 10 ಮೀಸಲು ಇಟ್ಟಿದ್ದಾರೆ. ನಮ್ಮ ಗುಡ್ಡದಲ್ಲಿ ಮಂಜೂರು ಮಾಡಲು ಖಾಲಿ ನೆಲ ತೋರಿಸಿ ನೋಡೋಣ! ಒಂದು ಬದಿ ಗೋಮಾಳ, ಇನ್ನೊಂದು ಬದಿ ಅರಣ್ಯ ಕಾಯ್ದೆಯ ಸೆಕ್ಷನ್ 4, ನಡುವೆ ಡೀಮ್ಡ್ ಅರಣ್ಯ. 2022ರಲ್ಲಿ ಸರ್ಕಾರ ಡೀಮ್ಡ್ ಅರಣ್ಯವನ್ನು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿತು. ಕಾಗದದಲ್ಲಿ ಇಳಿದ ಕಾಡು ಸ್ಥಳದಲ್ಲಿ ಎಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಸರ್ವೆ ಆಗುವವರೆಗೆ ಅರ್ಜಿ ಹಾಕಿದವರು ಬಾಡಿಗೆ ಮನೆಯಲ್ಲೇ ಇರಬೇಕು. ಬಾಡಿಗೆ ಮನೆಗೆ ನಾಯಿ ಬೇಡ.

"ಒಂದ್ ಕೆಲ್ಸ ಮಾಡ್ಲಿ, ನಾಯಿನ ಊರಲ್ಲೇ ಯಾರಿಗಾದ್ರೂ ಕೊಟ್ಟು ಬರ್ಲಿ" ಅಂದರು ಅಕ್ಕ. ಕೊಡುವವರು ಕೊಡುತ್ತಾರೆ. ಕೊಡಲಾಗದವರು ರಾತ್ರಿ ಕಾರಿನಲ್ಲಿ ತಂದು ತೋಟದ ರಸ್ತೆಯಲ್ಲಿ ಬಿಟ್ಟು ಹೋಗುತ್ತಾರೆ. ಅದು ಅಪರಾಧವೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡ. ನಮ್ಮ ಹ್ಯಾಂಡ್‌ಪೋಸ್ಟಿನ ಹೋಟೆಲಿನಲ್ಲಿ ಇಬ್ಬರು ಕಾಫಿ-ತಿಂಡಿ ಮುಗಿಸಿ ಎದ್ದರೆ ಇದಕ್ಕಿಂತ ಹೆಚ್ಚಾಗುತ್ತದೆ.

ಕೆಲಸ ಮುಗಿದ ಮೇಲೆ ನಾಯಿಯ ಲೆಕ್ಕವೂ ಮುಗಿಯಿತು ಅನ್ನುವುದು ಅಕ್ಕ ಒಬ್ಬರ ಶಾಸ್ತ್ರವಲ್ಲ, ಸೈನ್ಯದಲ್ಲೂ ಇತ್ತು. ವಯಸ್ಸಾಗಿ ಕೈಲಾಗದ ಸೇನಾ ನಾಯಿಗೆ ದಯಾಮರಣ ಕೊಡುವ ಪದ್ಧತಿ ಇತ್ತು. 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ನಿವೃತ್ತ ನಾಯಿಗಳನ್ನು ನೋಡಿಕೊಳ್ಳುವ ಯೋಚನೆ ಶುರುವಾಯಿತು. 2023ರ ಸೆಪ್ಟೆಂಬರಿನಲ್ಲಿ ರಜೌರಿಯಲ್ಲಿ ಕೆಂಟ್ ಅನ್ನುವ ಲ್ಯಾಬ್ರಡಾರ್ ತನ್ನ ಜೊತೆಗಾರನಿಗೆ ಬೀಳಬೇಕಾದ ಗುಂಡಿಗೆ ಅಡ್ಡ ಹೋಗಿ ಸತ್ತಿತು. ಇಂಥ ಜೊತೆ ನೋಡಿ ಬಂದವರಿಗೆ ಊರಲ್ಲಿ ನಾಯಿ ಯಾಕೆ ಬೇಕು ಅಂತ ಕೇಳುವುದೆಂದರೆ, ರಾತ್ರಿ ನಿಮಗೆ ನಿದ್ದೆ ಯಾಕೆ ಬೇಕು ಅಂತ ಕೇಳಿದ ಹಾಗೆ.

ಅಕ್ಕನ ಹೆದರಿಕೆಯೂ ಸುಳ್ಳಲ್ಲ. ಮೊಮ್ಮಕ್ಕಳು ಬರುತ್ತಾರೆ, ಕಚ್ಚಿದರೆ? ಮಳೆಗಾಲದಲ್ಲಿ ಕೆಸರು ಕಾಲಲ್ಲಿ ಮೆಟ್ಟಿಲು ಹತ್ತಿದರೆ? ಬೊಗಳಿದರೆ? ಅದಕ್ಕೆಲ್ಲ ಕರಾರಿನಲ್ಲೇ ಜಾಗ ಮಾಡಬಹುದು ಅಂದೆ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿದ ಚೀಟಿ ತೋರಿಸುವುದು, ಮೆಟ್ಟಿಲಲ್ಲಿ ಬೆಲ್ಟು ಹಾಕಿ ಕರೆತರುವುದು, ಗಲೀಜು ಮಾಡಿದರೆ ಅವರೇ ತೊಳೆಯುವುದು. ಇಷ್ಟು ಬರೆದರೆ "ಸಾಕತಕ್ಕದ್ದಲ್ಲ" ಅನ್ನುವ ಸಾಲಿನ ಅಗತ್ಯ ಬೀಳುವುದಿಲ್ಲ. ಪಾರ್ಲಿಮೆಂಟಿನಲ್ಲಿ ಹೊಸ ಕಾನೂನು ಆಗುವವರೆಗೆ ಯಾರ ಮಗಳಿಗೂ ಕಾಲೇಜು ಮುಂದೂಡಲಾಗುವುದಿಲ್ಲ.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಅಲ್ಲ, ಟೆರೇಸಲ್ಲಿ ಮೆಣಸು ಒಣಹಾಕ್ದಾಗ ಮಂಗ ಓಡಿಸ್ತದಾ ಅದು?"

"ಅದರ ಕೆಲ್ಸ ಅದಲ್ಲ ಅಕ್ಕಾ."

"ಕಾಲ ಮೇಲೆ ಮಲ್ಗೋದೊಂದಕ್ಕೇ ಇಡೀ ನಾಯಿ!" ಅಂದರು. ಆದರೂ ಬಾಗಿಲು ಪೂರ್ತಿ ಹಾಕಲಿಲ್ಲ. ಭಾನುವಾರ ಗಂಡ-ಹೆಂಡತಿ ಬರಲಿ, ನಾಯಿಯನ್ನೂ ಕರೆತರಲಿ, ನೋಡದೆ ಹೇಗೆ ಕೊಡುವುದು ಅಂದರು. ನಾಯಿಗೆ ಅಂತ ತಿಂಗಳಿಗೆ ಐನೂರು ಜಾಸ್ತಿ ಆಗುತ್ತದೆ ಅಂತಲೂ ಸೇರಿಸಿದರು. ಅಮೆರಿಕದಲ್ಲಿ ಹಾಗೆ ಕೇಳುವಂತಿಲ್ಲ ಅಂತ ನಾನು ಬಾಯಿ ತೆಗೆದದ್ದೇ ತಡ:

"ನನ್ನಂಥ ಮನೆಗೆ ಅಲ್ಲೂ ಮಾಫಿ ಅಂತ ನೀನೇ ಹೇಳಿದ್ದಲ್ವಾ ಮಾರಾಯ್ತಿ? ಹೋಗ್ಲಿ, ಮಿಲಿಟ್ರಿಯವ್ರು ಅಂತ ಮುನ್ನೂರು ಮಾಡ್ತೀನಿ."