ನೂತನ ಟ್ರ್ಯಾಕ್ಟರ್ ದೋಷ ಮೀಮಾಂಸೆ: ರಿಪೇರಿಯಾಗುವುದು ಯಾರು ಎಂಬ ವಿಚಾರ

ಹೊಸ ಟ್ರ್ಯಾಕ್ಟರಿನಲ್ಲಿ ದೋಷ ಕಾಣಿಸಿಕೊಂಡರೆ ಡೀಲರು ಅದನ್ನು ರಿಪೇರಿ ಮಾಡಿಕೊಡುತ್ತಾರೆ ಎಂಬ ನಂಬಿಕೆ ಲೋಕದಲ್ಲಿ ಆಳವಾಗಿ ಬೇರೂರಿದೆ. ಚಕ್ರದಡಿ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು ಗಾಡಿಯನ್ನು ಊರಿಗೆ ತರುವ ರೈತ ಇದನ್ನು ನಂಬುತ್ತಾನೆ. ವಾರಂಟಿ ಪುಸ್ತಕ ಬರೆದವರು ನಂಬಿದಂತೆ ಬರೆಯುತ್ತಾರೆ. ಈ ಲೋಕಭ್ರಾಂತಿಯನ್ನು ನಿವಾರಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ವಾರಂಟಿ ಅವಧಿಯಲ್ಲಿ ರಿಪೇರಿಗೆ ಒಳಗಾಗುವ ವಸ್ತು ಟ್ರ್ಯಾಕ್ಟರ್ ಅಲ್ಲ, ಅದರ ಮಾಲೀಕ. ಇದು ನಮ್ಮ ಪ್ರತಿಜ್ಞಾವಾಕ್ಯ. ಶೋರೂಮಿನಿಂದ ಹೊರಬೀಳುವಾಗ ಅವನಲ್ಲಿ ತುಂಬಿರುವ ನಿರೀಕ್ಷೆಯನ್ನೂ ಆಮೇಲೆ ಹುಟ್ಟುವ ಸಿಟ್ಟನ್ನೂ ಹಂತಹಂತವಾಗಿ ಸವೆಸಿ, ಗಾಡಿ ಹೇಗಿದೆಯೋ ಹಾಗೆಯೇ ಅದಕ್ಕೆ ಅವನನ್ನು ಹೊಂದಿಸುವ ಒಂದು ಶಾಸ್ತ್ರೀಯ ಕ್ರಮವುಂಟು. ಜನಸಾಮಾನ್ಯರು ಅದನ್ನು ‘ಫ್ರೀ ಸರ್ವಿಸ್’ ಎಂದು ಕರೆಯುತ್ತಿದ್ದಾರೆ. ಇದನ್ನು ಹೇತು, ದೃಷ್ಟಾಂತ, ಪೂರ್ವಪಕ್ಷ ನಿರಾಕರಣೆಗಳ ಮೂಲಕ ಸ್ಥಾಪಿಸುತ್ತೇವೆ.

ಮೊದಲು ಯಂತ್ರವಿಜ್ಞಾನದ ಆಧಾರ. ಹೊಸ ಎಂಜಿನ್ನಿನ ಸಿಲಿಂಡರ್ ಲೈನರಿನ ಒಳಮೈ ಪೂರ್ತಿ ನುಣುಪಾಗಿರುವುದಿಲ್ಲ. ಎಣ್ಣೆ ನಿಲ್ಲಲೆಂದು ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳನ್ನು ಬೇಕೆಂದೇ ಹಾಕಿರುತ್ತಾರೆ. ಪಿಸ್ಟನ್ ರಿಂಗುಗಳು ಮೇಲೆ ಕೆಳಗೆ ಓಡಾಡಿ, ಆ ಗೆರೆಗಳ ಏಣು ಸವೆಸಿ, ಗೋಡೆಗೆ ಒತ್ತಿ ಕೂರುವತನಕ ಒಂದಿಷ್ಟು ಎಣ್ಣೆ ಸುಡುತ್ತದೆ, ಒಂದಿಷ್ಟು ಲೋಹದ ಪುಡಿ ಎಣ್ಣೆಗೆ ಇಳಿಯುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಮೊದಲ 50 ಗಂಟೆಯ ಹೊತ್ತಿಗೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ನಟ್ಟುಬೋಲ್ಟು ಬಿಗಿಮಾಡಿ, ಕ್ಲಚ್ ಪೆಡಲಿನ ಸಡಿಲ ನೋಡಬೇಕೆಂಬ ವಿಧಿ ಇದೆ. ಈ ಅವಧಿಯಲ್ಲಿ ಮೈಮೀರಿ ಭಾರ ಹೇರಬಾರದು. ಹಾಗೆಂದು ಕೆಲಸ ಕೊಡದೆ ಬರೀ ಐಡ್ಲಿಂಗಿನಲ್ಲಿ ಬಿಟ್ಟರೂ ಲೈನರ್ ಗಾಜುಗಟ್ಟಿ ರಿಂಗು ಕೂರುವುದೇ ಇಲ್ಲ. ಮಾಲೀಕನ ವಿಷಯದಲ್ಲೂ ಇದೇ ವಿಧಿ ಅಕ್ಷರಶಃ ಅನ್ವಯಿಸುತ್ತದೆ. ಮೊದಲ ದೂರಿಗೇ ‘ಆಗಲ್ಲ’ ಎಂದರೆ ಅದು ಅತಿಭಾರ, ಅವನು ಬಿರುಕು ಬಿಡುತ್ತಾನೆ. ಫೋನನ್ನೇ ಎತ್ತದಿದ್ದರೆ ಗಾಜುಗಟ್ಟುತ್ತಾನೆ, ಆಮೇಲೆ ಯಾವ ಮಾತೂ ಅವನ ಮೇಲೆ ನಿಲ್ಲದು. ಆದ್ದರಿಂದ ನುರಿತ ಸರ್ವಿಸ್ ಸೆಂಟರ್ ಮಧ್ಯಮ ಭಾರದ ಮಂತ್ರವೊಂದನ್ನು ಪ್ರಯೋಗಿಸುತ್ತದೆ: “ಹೊಸ ಗಾಡಿ ಅಲ್ವಾ ಯಜಮಾನ್ರೇ, ಸ್ವಲ್ಪ ಓಡ್ಲಿ ಬಿಡಿ, ಸೆಟ್ ಆಗುತ್ತೆ.” ಈ ಮಾತಿನಲ್ಲಿ ಸೆಟ್ ಆಗುವುದು ಯಾವುದೆಂದು ಹೇಳಿಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು.

ಇನ್ನು ಪ್ರಮಾಣ ವಿಚಾರ. ನಮ್ಮ ನೈಯಾಯಿಕರು ತಲೆಮಾರುಗಳ ಕಾಲ ಒಂದೇ ಉದಾಹರಣೆಯನ್ನು ನೆಚ್ಚಿಕೊಂಡಿದ್ದರು: ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ, ಅಡುಗೆಮನೆಯಲ್ಲಿ ಇರುವ ಹಾಗೆ. ಅವರಿಗೆ ಡೀಸೆಲ್ ಎಂಜಿನ್ನಿನ ಪರಿಚಯ ಇರಲಿಲ್ಲವಾಗಿ ಹೊಗೆಯ ವರ್ಣಭೇದ ಹೊಳೆಯಲಿಲ್ಲ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ; ನೀಲಿ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ; ಎಂಜಿನ್ ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರುತ್ತಿದೆ. ಮೂರು ಹೇತುಗಳಿಂದ ಮೂರು ಸಾಧ್ಯ. ಸರ್ವಿಸ್ ಸೆಂಟರಿನ ನವ್ಯನ್ಯಾಯವಾದರೋ ಈ ಗೊಂದಲವನ್ನೆಲ್ಲ ದಾಟಿದೆ. ಅಲ್ಲಿ ಮೂರು ಬಣ್ಣದ ಹೊಗೆಗೂ ನಿಗಮನ ಒಂದೇ: ಗಾಡಿ ಹೊಸದು. ಹೇತು ಎಷ್ಟಿದ್ದರೂ ಸಿದ್ಧಾಂತ ಅಲುಗದಿರುವುದು ಪ್ರೌಢ ಶಾಸ್ತ್ರದ ಲಕ್ಷಣವೆಂದು ಒಪ್ಪಬೇಕು.

ದೋಷದ ಸ್ವರೂಪ ಇದಕ್ಕಿಂತ ಸೂಕ್ಷ್ಮ. ಹೊಲದಲ್ಲಿ ಎರಡು ಗಂಟೆ ಉತ್ತ ಮೇಲೆ ಲಿಫ್ಟ್ ನಿಲ್ಲುವುದಿಲ್ಲ, ಎತ್ತಿದ ಕಲ್ಟಿವೇಟರ್ ತಾನೇ ಕೆಳಗಿಳಿಯುತ್ತದೆ. ಅದೇ ಗಾಡಿಯನ್ನು ಮರುದಿನ ಬೆಳಿಗ್ಗೆ ಶೋರೂಮಿನ ಅಂಗಳಕ್ಕೆ ಒಯ್ದರೆ ಲಿಫ್ಟ್ ಕದಲದೆ ನಿಲ್ಲುತ್ತದೆ. ಕಾರಣ ಮಾಯೆಯಲ್ಲ, ಎಣ್ಣೆ. ಬಿಸಿಯಾದಾಗ ಹೈಡ್ರಾಲಿಕ್ ಎಣ್ಣೆ ತೆಳುವಾಗಿ, ಸವೆದ ಸೀಲಿನ ಅಥವಾ ಕಸ ಸಿಕ್ಕಿದ ವಾಲ್ವಿನ ಸಂದಿನಲ್ಲಿ ಜಾರಿಹೋಗುತ್ತದೆ. ತಣ್ಣಗಿರುವಾಗ ಅದೇ ಎಣ್ಣೆ ಗಟ್ಟಿಯಿರುವುದರಿಂದ ಆ ಸಂದನ್ನು ದಾಟಲು ತಡಮಾಡುತ್ತದೆ. ಹಾಗೆಯೇ ಭಾರದ ಟ್ರೇಲರ್ ಎಳೆಯುತ್ತ ದಿಬ್ಬ ಹತ್ತುವಾಗ ಜಾರುವ ಗೇರು, ಖಾಲಿ ಗಾಡಿಯಲ್ಲಿ ಸಮತಟ್ಟು ಕಾಂಕ್ರೀಟಿನ ಮೇಲೆ ಜಾರುವುದಿಲ್ಲ. ಡೀಸೆಲ್ ಪೈಪಿನ ಸಡಿಲ ಜಾಯಿಂಟಿನಿಂದ ರಾತ್ರಿಯೆಲ್ಲ ಗಾಳಿ ಹಿಡಿದು ಬೆಳಿಗ್ಗೆ ಸ್ಟಾರ್ಟ್ ಆಗದ ಎಂಜಿನ್, ಏರ್ ತೆಗೆದು ತಾಲ್ಲೂಕು ಕೇಂದ್ರದವರೆಗೆ ಓಡಿಸಿಕೊಂಡು ಬಂದ ಮೇಲೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಹೊತ್ತಿಕೊಳ್ಳುತ್ತದೆ. ಬಿಸಿ, ಭಾರ, ಇಳಿಜಾರು, ಕಾಲ ಈ ನಾಲ್ಕರಲ್ಲಿ ಒಂದಾದರೂ ಇದ್ದಲ್ಲಿ ಮಾತ್ರ ದೋಷ ಪ್ರಕಟ; ಶೋರೂಮಿನ ಅಂಗಳದಲ್ಲಿ ನಾಲ್ಕೂ ಇಲ್ಲ. ಹೀಗಾಗಿ ಹೊಸ ಟ್ರ್ಯಾಕ್ಟರಿನ ದೋಷ ಇದೆ ಎನ್ನುವಂತಿಲ್ಲ, ಮೆಕ್ಯಾನಿಕ್ಕಿಗೆ ಕಾಣದು. ಇಲ್ಲ ಎನ್ನುವಂತಿಲ್ಲ, ಹೊಲ ಉಳದೆ ಬಿದ್ದಿದೆ. ಸತ್ತೂ ಅಲ್ಲದ ಅಸತ್ತೂ ಅಲ್ಲದ ಇಂಥದ್ದಕ್ಕೆ ಅದ್ವೈತಿಗಳು ಅನಿರ್ವಚನೀಯ ಎಂದರು. ಸರ್ವಿಸ್ ಅಡ್ವೈಸರ್ “ನೋ ಪ್ರಾಬ್ಲಂ” ಎನ್ನುತ್ತಾರೆ. ಎರಡೂ ಕಡೆ ವ್ಯವಹಾರ ಅಲ್ಲಿಗೆ ಮುಗಿಯುತ್ತದೆ.

ಶಬ್ದಪ್ರಮಾಣವಾದ ಜಾಬ್ ಕಾರ್ಡಿನದು ಇನ್ನೂ ಹೆಚ್ಚಿನ ತೂಕ. ‘ಎಣ್ಣೆ ಬಿಸಿಯಾದ ಮೇಲೆ ಲಿಫ್ಟ್ ಇಳಿಯುತ್ತದೆ’ ಎಂದು ಮಾಲೀಕ ಬಾಯಲ್ಲಿ ಹೇಳಿದ್ದು, ಕಾರ್ಡಿಗೆ ಇಳಿಯುವಾಗ ‘ಜನರಲ್ ಚೆಕಪ್’ ಆಗುತ್ತದೆ. ಸಮಾಸದಲ್ಲಿ ಪೂರ್ವೋತ್ತರ ಪದಗಳೆರಡೂ ಲೋಪವಾದ ಅಪರೂಪದ ಪ್ರಸಂಗವಿದು. ಕೆಳಗೆ ‘ಕೆಲಸ ತೃಪ್ತಿಕರ’ ಎಂಬ ಸಾಲು ಮೊದಲೇ ಅಚ್ಚಾಗಿರುತ್ತದೆ. ಸಹಿ ಹಾಕಿದರೆ ಗಾಡಿ, ಇಲ್ಲದಿದ್ದರೆ ಬೆಂಚು. ಇದರಲ್ಲಿ ಯಾರದೂ ದುರುದ್ದೇಶ ಹುಡುಕಬೇಕಾಗಿಲ್ಲ. ವಾರಂಟಿಯಲ್ಲಿ ಹಾಕಿದ ಭಾಗದ ಹಣ ಡೀಲರಿಗೆ ಕಂಪನಿಯಿಂದ ಬರಬೇಕು. ಅದಕ್ಕೆ ಕ್ಲೇಮ್ ಬರೆಯಬೇಕು, ಕೆಟ್ಟ ಭಾಗವನ್ನು ಜೋಪಾನವಾಗಿಟ್ಟು ತೋರಿಸಬೇಕು, ಕಂಪನಿ ಒಪ್ಪದಿದ್ದರೆ ನಷ್ಟ ಡೀಲರಿನದು. ರೈತ ಡೀಲರನ್ನು ಹೇಗೆ ಒಪ್ಪಿಸಬೇಕೋ ಡೀಲರು ಕಂಪನಿಯನ್ನು ಹಾಗೆಯೇ ಒಪ್ಪಿಸಬೇಕು. ಈ ಏಣಿಯಲ್ಲಿ ಅತ್ಯಂತ ಅಗ್ಗವಾಗಿ ಹೊಂದಿಸಬಹುದಾದ ಭಾಗ ಯಾವುದು? ಸೀಲಿಗೆ ದುಡ್ಡು ಬೇಕು, ವಾಲ್ವಿಗೆ ದುಡ್ಡು ಬೇಕು, ಗೇರ್ ಬಾಕ್ಸ್ ಬಿಚ್ಚಲು ಆಳು ಬೇಕು. ಮಾಲೀಕನಿಗೆ ಒಂದು ಕಪ್ ಚಹಾ ಸಾಕು.

ಕಾಲತತ್ತ್ವವೂ ಇದನ್ನೇ ಸಮರ್ಥಿಸುತ್ತದೆ. ವಾರಂಟಿಯನ್ನು ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದಲೋ ಅದು ಎಂದು ಬರೆದಿರುತ್ತಾರೆ. ಗಾಡಿ ಓಡಿದರೆ ಅವರ್ ಮೀಟರ್ ವಾರಂಟಿಯನ್ನು ತಿನ್ನುತ್ತದೆ. ಕೆಟ್ಟು ನಿಂತರೆ ಕ್ಯಾಲೆಂಡರ್ ತಿನ್ನುತ್ತದೆ. ಹಳೆಯ ಮಾದರಿಯ ಯಾಂತ್ರಿಕ ಅವರ್ ಮೀಟರಂತೂ ಗಡಿಯಾರದ ಗಂಟೆಯನ್ನಲ್ಲ, ಎಂಜಿನ್ನಿನ ಸುತ್ತನ್ನು ಎಣಿಸುತ್ತದೆ. ನಿಗದಿತ ವೇಗದಲ್ಲಿ ಓಡಿದರೆ ಮಾತ್ರ ಅದರ ಗಂಟೆ ಲೋಕದ ಗಂಟೆಗೆ ಸಮ. ಇತ್ತ ರೈತನ ಕಾಲ ನಡೆಯುವುದು ಮಳೆ ನಕ್ಷತ್ರಗಳಲ್ಲಿ. 27 ನಕ್ಷತ್ರಕ್ಕೆ ವರ್ಷವನ್ನು ಹಂಚಿದರೆ ಒಂದು ಮಳೆಗೆ ಸಿಗುವುದು 13ರಿಂದ 14 ದಿನ. ‘ಪಾರ್ಟ್ ಮುಂದಿನ ವಾರ ಬರುತ್ತೆ’ ಎಂಬ ಮಾತಿನ ಬೆಲೆ ಅರ್ಧ ಮಳೆ. ಎರಡು ಸಲ ಹೇಳಿದರೆ ರೋಹಿಣಿ ಮುಗಿದು ಮೃಗಶಿರ ಹುಟ್ಟಿರುತ್ತದೆ, ನೆಲದ ಹದ ಹೋಗಿರುತ್ತದೆ. ಸಾಲದ ಅರ್ಧವಾರ್ಷಿಕ ಕಂತು ಮಾತ್ರ ಯಾವ ನಕ್ಷತ್ರಕ್ಕೂ ಕಾಯುವುದಿಲ್ಲ. ಈ ಒತ್ತಡದಲ್ಲಿ ವಿವೇಕಿಯಾದ ಮಾಲೀಕ ಏನು ಮಾಡುತ್ತಾನೆ? ಲಿಫ್ಟ್ ಇಳಿದಂತೆಲ್ಲ ಲಿವರ್ ಎತ್ತುವ ಅಭ್ಯಾಸ ಮಾಡಿಕೊಳ್ಳುತ್ತಾನೆ. ದೋಷ ಇದ್ದಲ್ಲಿಯೇ ಇದೆ, ದೂರು ನಿಂತಿದೆ. ರಿಪೇರಿ ಸಂಪೂರ್ಣ.

ಇಲ್ಲಿ ಪೂರ್ವಪಕ್ಷಿ ಎದ್ದು, ಯಂತ್ರಗಳ ವಿಶ್ವಾಸಾರ್ಹತೆಯನ್ನು ಅಭ್ಯಾಸ ಮಾಡಿದವರು ಬರೆಯುವ ತೊಟ್ಟಿಯಾಕಾರದ ಗೆರೆಯನ್ನು ತೋರಿಸಬಹುದು: ಆರಂಭದಲ್ಲಿ ಕೆಡುವುದು ಹೆಚ್ಚು, ಆಮೇಲೆ ಕಡಿಮೆಯಾಗಿ ಬಹುಕಾಲ ಸಮವಾಗಿದ್ದು, ಮುಪ್ಪಿನಲ್ಲಿ ಮತ್ತೆ ಏರುತ್ತದೆ. ಜೋಡಣೆಯ ತಪ್ಪು, ದುರ್ಬಲ ಭಾಗ ಮೊದಲಲ್ಲೇ ಹೊರಬಿದ್ದು ಬದಲಾಗುವುದರಿಂದ ಗೆರೆ ಇಳಿಯುತ್ತದೆ. ಆದ್ದರಿಂದ ರಿಪೇರಿಯಾಗುವುದು ಯಂತ್ರವೇ ಎಂಬುದು ಅವರ ವಾದ. ಯಂತ್ರಗಳ ಬಗ್ಗೆ ಇದು ಸತ್ಯ. ಆದರೆ ಸರ್ವಿಸ್ ಸೆಂಟರಿನ ರಿಜಿಸ್ಟರು ಎಣಿಸುವುದು ದೋಷವನ್ನಲ್ಲ, ದೂರನ್ನು. ದೋಷ ಹೋದರೂ ದೂರು ಇಳಿಯುತ್ತದೆ, ದೂರುವವನು ಬೇಸತ್ತು ಊರಿನ ಗ್ಯಾರೇಜಿಗೆ ಹೋದರೂ ದೂರು ಇಳಿಯುತ್ತದೆ. ಕಾಗದದ ಮೇಲೆ ಎರಡೂ ಒಂದೇ ಇಳಿಜಾರು. ವ್ಯಾಪ್ತಿ ಕೆಟ್ಟ ಇಂಥ ಹೇತುವಿನಿಂದ ಪೂರ್ವಪಕ್ಷ ನಿಲ್ಲದು.

ಎರಡನೆಯ ಆಕ್ಷೇಪ, ತಪ್ಪು ಬಳಸುವವನದೇ ಎಂಬುದು. ಬ್ಯಾರೆಲ್ಲಿನಲ್ಲಿಟ್ಟ ನೀರು ಸೇರಿದ ಡೀಸೆಲ್ ಸೋಸದೆ ಹಾಕುತ್ತಾರೆ, ಏರ್ ಕ್ಲೀನರ್ ದೂಳು ತೆಗೆಯುವುದಿಲ್ಲ, 50 ಗಂಟೆಯ ಸರ್ವಿಸನ್ನು ಸುಗ್ಗಿ ಮುಗಿಯಲೆಂದು ಮುಂದೂಡುತ್ತಾರೆ, ಹೊಸ ಗಾಡಿಗೆ ಮೊದಲ ವಾರವೇ ಕೇಜ್ ವೀಲ್ ಹಾಕಿ ಕೆಸರುಗದ್ದೆಗೆ ಇಳಿಸುತ್ತಾರೆ. ಇದೆಲ್ಲ ನಿಜ, ನಿಜವಾದ್ದರಿಂದಲೇ ನಮ್ಮ ಸಿದ್ಧಾಂತಕ್ಕೆ ಬಲ. ಡೀಸೆಲಿನಲ್ಲಿ ನೀರಿದ್ದರೆ ಪಂಪು ಕೆಡುತ್ತದೆ, ಸಂದೇಹವಿಲ್ಲ. ಆದರೆ ಅದರಿಂದ ಲಿಫ್ಟಿನ ಸೀಲು ಸೋರುವುದಿಲ್ಲ, ಗೇರು ಜಾರುವುದಿಲ್ಲ. ಒಂದು ತಪ್ಪನ್ನು ಎಲ್ಲ ದೋಷಕ್ಕೂ ಕಾರಣವಾಗಿ ವಿಸ್ತರಿಸಿದಾಗ, ಮಾಲೀಕನೇ ಗಾಡಿಯ ಮುಖ್ಯ ಬಿಡಿಭಾಗವೆಂದೂ ತಪಾಸಣೆ ಅವನಿಂದಲೇ ಶುರುವಾಗಬೇಕೆಂದೂ ಆಕ್ಷೇಪಕಾರರು ತಾವಾಗಿಯೇ ಒಪ್ಪಿಕೊಂಡಂತಾಯಿತು.

ಮೂರನೆಯವರು ಸರ್ಕಾರದ ಪರೀಕ್ಷೆಯನ್ನು ಮುಂದಿಡುತ್ತಾರೆ. ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಿಂದ ಇರುವ ಕೇಂದ್ರ ಸಂಸ್ಥೆ ಟ್ರ್ಯಾಕ್ಟರುಗಳನ್ನು ಪಿಟಿಒ ಶಕ್ತಿ, ಎಳೆತ, ಲಿಫ್ಟ್, ಹೊಲದ ಕೆಲಸ ಎಂದು ಬಗೆಬಗೆಯಾಗಿ ಪರೀಕ್ಷಿಸಿ ವರದಿ ಕೊಡುತ್ತದೆ. ಅಲ್ಲಿ ಭಾರ ಎತ್ತಿ ಹಿಡಿದು ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದೂ ಅಳೆಯುತ್ತಾರೆ. ಅಂದರೆ ಶೋರೂಮಿನಲ್ಲಿ ಅನಿರ್ವಚನೀಯವಾದದ್ದು ಬುದ್ನಿಯಲ್ಲಿ ಮಿಲಿಮೀಟರಿನಲ್ಲಿ ನಿರ್ವಚನೀಯ. ಆದರೆ ಅಲ್ಲಿ ಉತ್ತೀರ್ಣವಾದದ್ದು ಆ ಮಾದರಿಯ ಒಂದು ಗಾಡಿ, ರೈತನ ಹಟ್ಟಿಯಲ್ಲಿರುವ ಗಾಡಿಯಲ್ಲ. ಜಾತಿಗೆ ಸಿಕ್ಕ ಪ್ರಮಾಣಪತ್ರ ವ್ಯಕ್ತಿಯ ಸೀಲನ್ನು ಬಿಗಿಮಾಡದು.

ಕೊನೆಯ ಆಕ್ಷೇಪ ಧರ್ಮಶಾಸ್ತ್ರದ್ದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜುಲೈ 2020ರಿಂದ ಜಾರಿಯಲ್ಲಿದೆ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದಿಂದ 10 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ 200 ರೂಪಾಯಿ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದನ್ನು ವಾಣಿಜ್ಯ ಉದ್ದೇಶವೆಂದು ತಳ್ಳುವಂತಿಲ್ಲ. ಪರೀಕ್ಷೆ ಬೇಕಿಲ್ಲದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಇದೆಲ್ಲ ಘನವಾದ ಸಂಗತಿ, ಅಲ್ಲಗಳೆಯುವುದಿಲ್ಲ. ಆದರೆ ಆಯೋಗದ ಮುಂದೆಯೂ ಹೊಲದ ಬಿಸಿ ಎಣ್ಣೆ ಬಂದು ಸಾಕ್ಷಿ ಹೇಳುವುದಿಲ್ಲ. ಹೇಳುವುದು ‘ಜನರಲ್ ಚೆಕಪ್’ ಎಂಬ ಕಾರ್ಡು, ‘ತೃಪ್ತಿಕರ’ ಎಂಬುದರ ಕೆಳಗಿನ ಸಹಿ. ಇನ್ನು 2006ರಲ್ಲಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಹೊಣೆ ಕೆಟ್ಟ ಭಾಗವನ್ನು ರಿಪೇರಿ ಮಾಡುವುದು ಅಥವಾ ಬದಲಿಸುವುದು, ಇಡೀ ವಾಹನವನ್ನು ಬದಲಿಸುವುದಲ್ಲ ಎಂದು ತೀರ್ಮಾನಿಸಿತು. ಹೊಸ ಗಾಡಿಯೇ ಬೇಕೆಂಬ ಹಟದವನು ಈ ತೀರ್ಪಿನ ಮುಂದೆ ಅರ್ಧ ಸವೆಯುತ್ತಾನೆ.

ಸಿದ್ಧಾಂತ ಹೀಗೆ ಸ್ಥಾಪಿತವಾದರೂ ಅಪವಾದವೊಂದನ್ನು ಮುಚ್ಚಿಡುವುದು ವಿದ್ವತ್ತಿಗೆ ಶೋಭೆಯಲ್ಲ. ಕೆಲವು ಮಾಲೀಕರು ಎಷ್ಟು ಓಡಿದರೂ ಸೆಟ್ ಆಗುವುದಿಲ್ಲ. ಅಂಥವನು ಮೆಕ್ಯಾನಿಕ್ಕನ್ನೇ ಹೊಲಕ್ಕೆ ಕರೆಸುತ್ತಾನೆ, ಇಲ್ಲವೇ ಉತ್ತು ಬಿಸಿಯಾದ ಗಾಡಿಯನ್ನು ಕಲ್ಟಿವೇಟರ್ ಸಮೇತ ತಂದು ನಿಲ್ಲಿಸಿ, ಎತ್ತಿದ್ದು ಇಳಿಯುವುದನ್ನು ಕೈಗಡಿಯಾರ ಹಿಡಿದು ತೋರಿಸುತ್ತಾನೆ. ಜಾಬ್ ಕಾರ್ಡಿನಲ್ಲಿ ತನ್ನ ದೂರು ತನ್ನ ಮಾತಿನಲ್ಲೇ, ಕನ್ನಡದಲ್ಲೇ ಬರೆದಿರಬೇಕೆನ್ನುತ್ತಾನೆ. ಮೀಟರ್ ತೋರಿಸುವ ಗಂಟೆಯನ್ನು ಬರೆಸಿ, ಪ್ರತಿ ಇಸಿದುಕೊಳ್ಳುತ್ತಾನೆ. 50 ಗಂಟೆಯ ಸರ್ವಿಸನ್ನು ತಪ್ಪಿಸಿ ಎದುರಿನವರ ಕೈಗೆ ನೆಪ ಕೊಡುವುದಿಲ್ಲ. ಭಾರ ಕಟ್ಟಿ ಓಡಿಸಿ ನೋಡುವ ಮೊದಲು ತೃಪ್ತಿಯ ಸಾಲಿಗೆ ಸಹಿ ಹಾಕುವುದಿಲ್ಲ, ಚಹಾ ಮಾತ್ರ ಕುಡಿಯುತ್ತಾನೆ. ಇಂಥವನ ಗಾಡಿಯಲ್ಲಿ ಶಾಸ್ತ್ರಕ್ಕೆ ವಿರುದ್ಧವಾಗಿ ಸೀಲು ನಿಜವಾಗಿಯೂ ಬದಲಾಗಿಬಿಡುತ್ತದೆ. ಇವನನ್ನು ತಯಾರಿಕಾ ದೋಷವುಳ್ಳ ಮಾಲೀಕನೆಂದು ವರ್ಗೀಕರಿಸದೆ ನಮಗೆ ಬೇರೆ ದಾರಿಯಿಲ್ಲ. ಡೀಲರುಗಳ ಕಷ್ಟವೂ ಇಲ್ಲಿಯೇ ಇದೆ: ಇವನ ಯಾವ ಭಾಗ ಕೆಟ್ಟಿದೆಯೆಂದು ಗೊತ್ತಾಗುವುದಿಲ್ಲ, ಇಡೀ ಮಾಲೀಕನನ್ನು ಬದಲಿಸಿಕೊಳ್ಳಲು ಅವರ ವಾರಂಟಿಯಲ್ಲೂ ಅವಕಾಶವಿಲ್ಲ.