ಗೋಪ್ಯಮೀಮಾಂಸೆ: ರಾಜೋಳಿ ಪ್ರಸ್ಥಾನ

ಶಾಸ್ತ್ರವನ್ನಾರಂಭಿಸುವವನು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧ ಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದಕಾರಣ, ಅದನ್ನು ಮೀರದೆ ನಾವು ಹೇಳುವುದೇನೆಂದರೆ: ಕೈಯಲ್ಲಿ ಫೋನೂ ಊರಲ್ಲಿ ನೆಂಟರೂ ಉಳ್ಳವನೇ ಇಲ್ಲಿ ಅಧಿಕಾರಿ; ವಾಟ್ಸಾಪು ಫೇಸ್‌ಬುಕ್ಕುಗಳ ‘ಪ್ರೈವೆಸಿ ಸೆಟ್ಟಿಂಗ್’ ವಿಷಯ; ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ಇರುವ ನಂಟೇ ಸಂಬಂಧ; ಮದುವೆಯ ಪಂಕ್ತಿಯಲ್ಲಿ ಯಾರ ಪ್ರಶ್ನೆಗೂ ಗುರಿಯಾಗದೆ ಉಂಡೇಳುವುದು ಪ್ರಯೋಜನ. ಕ್ಷೇತ್ರವಾಗಿ ತುಂಗಭದ್ರೆಯ ದಡದ ರಾಜೋಳಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಗದ್ವಾಲ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಹೊಂದಿಸಿ ಬೆಸೆಯುವ ಈ ಮಗ್ಗದೂರಿನಲ್ಲಿ, ಒಂದು ಮನೆಯ ವಾರ್ತೆಯನ್ನು ಇನ್ನೊಂದು ಮನೆಯ ವಾರ್ತೆಗೆ ಬೆಸೆಯುವ ವಿದ್ಯೆಯೂ ಅಷ್ಟೇ ಪರಿಣತವಾಗಿದ್ದು, ತೆಲುಗಿನಲ್ಲಿ ಹೊರಟ ಸುದ್ದಿಯು ಕನ್ನಡದಲ್ಲಿ ಮರಳಿ ಬರುವಾಗ ಒಂದಿಷ್ಟು ಜರಿಯನ್ನೂ ಪಡೆದುಕೊಂಡು ಬರುತ್ತದೆ.

ಆಯುಸ್ಸು, ಹಣ, ಮನೆಯ ಹುಳುಕು, ಮಂತ್ರಾಲೋಚನೆ, ದಾಂಪತ್ಯ, ಔಷಧ, ದಾನ, ಮಾನ, ಅಪಮಾನ ಎಂಬ ಒಂಬತ್ತು ಗೋಪ್ಯಗಳನ್ನು ಪ್ರಾಚೀನ ನೀತಿಕಾರರು ಎಣಿಸಿದ್ದರು. ಆಧುನಿಕರು ಈ ಪಟ್ಟಿಯನ್ನು ಮರೆತರೆಂಬ ಆಕ್ಷೇಪವು ನಿರಾಧಾರವಾದುದು. ಅವರು ಅದನ್ನು ಒಂದೂ ಬಿಡದೆ ಅನುಷ್ಠಾನಕ್ಕೆ ತಂದಿದ್ದಾರೆ. ಹುಟ್ಟುಹಬ್ಬದ ಕೇಕಿನಿಂದ ಆಯುಸ್ಸು, ಹೊಸ ಬೈಕಿಗೆ ಹಾಕಿದ ಹಾರದಿಂದ ಹಣ, ‘ನಂಬಿದವರೇ ಬೆನ್ನಿಗೆ ಇರಿದರು’ ಎಂಬ ಸ್ಟೇಟಸ್ಸಿನಿಂದ ಮನೆಯ ಹುಳುಕು, ಗ್ರೂಪಿನಿಂದ ಮಂತ್ರಾಲೋಚನೆ, ವಿವಾಹದ ವಾರ್ಷಿಕೋತ್ಸವದ ಹಾಡಿನಿಂದ ದಾಂಪತ್ಯ, ಫಾರ್ವರ್ಡಾದ ಕಷಾಯದಿಂದ ಔಷಧ, ಒಬ್ಬ ರೋಗಿಗೆ ಆರು ಮಂದಿ ಸೇರಿ ಬಾಳೆಹಣ್ಣು ಹಿಡಿದ ಚಿತ್ರದಿಂದ ದಾನ, ಶಾಲು ಸನ್ಮಾನದಿಂದ ಮಾನ, ಸ್ಕ್ರೀನ್‌ಶಾಟಿನಿಂದ ಅಪಮಾನ, ಹೀಗೆ ಒಂಬತ್ತೂ ಪ್ರತಿದಿನ ಬೆಳಕು ಕಾಣುತ್ತವೆ. ಸ್ಟೇಟಸ್ಸು 24 ಗಂಟೆಗಳಲ್ಲಿ ಅಳಿಯುವುದಲ್ಲವೇ ಎಂದು ಕ್ಷಣಿಕವಾದಿಗಳು ವಾದಿಸಬಹುದು. ಸ್ಕ್ರೀನ್‌ಶಾಟೆಂಬ ಪುನರ್ಜನ್ಮವನ್ನು ಅವರು ಗಣಿಸಿಲ್ಲ.

ಇನ್ನು ‘ಲಾಸ್ಟ್ ಸೀನ್’ ಎಂಬ ತತ್ತ್ವವು ಚತುರವಸ್ಥೆಗಳುಳ್ಳದ್ದು. ಎಲ್ಲರಿಗೂ ಕಾಣುವ ‘ಎವರಿವನ್’ ಜಾಗ್ರತ್ತು, ಗುರುತಿನವರಿಗಷ್ಟೇ ಕಾಣುವ ‘ಮೈ ಕಾಂಟ್ಯಾಕ್ಟ್ಸ್’ ಸ್ವಪ್ನ, ಗುರುತಿನವರಲ್ಲಿ ಕೆಲವರನ್ನು ತೆಗೆದ ‘ಎಕ್ಸೆಪ್ಟ್’ ಸುಷುಪ್ತಿ, ‘ನೋಬಡಿ’ ತುರೀಯ. ಈ ವಿಭಾಗವನ್ನು ಮಾಡಿದವರು ಅಪರಿಚಿತರಿಗೆ ಅಂಜುವ ಮಹಾನಗರಗಳ ನಿವಾಸಿಗಳೆಂಬುದು ಸ್ಪಷ್ಟ. ರಾಜೋಳಿಯಲ್ಲಿ ಅಪರಿಚಿತನಿಂದ ಯಾವ ಬಾಧೆಯೂ ಇಲ್ಲ. ನಾವು ರಾತ್ರಿ ಎರಡು ಗಂಟೆಗೆ ಎದ್ದಿದ್ದರೆ ಅವನಿಗೇನು? ಬೆಳಗಾಗೆದ್ದು, “ಏನಪಾ ಅಳಿಯಾ, ರಾತ್ರಿ ಎರಡಕ್ಕ ಆನ್‌ಲೈನ್ ಇದ್ದೆಲ್ಲ, ಮೈಯಾಗ ಆರಾಮ ಐತಿಲ್ಲೋ?” ಎಂದು ಕೇಳುವವನು ಸೋದರಮಾವ, ಅವನಾದರೋ ‘ಮೈ ಕಾಂಟ್ಯಾಕ್ಟ್ಸ್’ ಎಂಬ ಸುರಕ್ಷಿತ ವಲಯದ ಪ್ರಥಮ ಪುರುಷ. ಅಪರಿಚಿತರಿಗಾಗಿ ಬಾಗಿಲಿಗೆ ಬೀಗ ಜಡಿದು ಮಾವನೊಡನೆ ಒಳಗೆ ಕುಳಿತಂತಾಯಿತು.

ತನ್ನ ‘ಲಾಸ್ಟ್ ಸೀನ್’ ಕಾಲವನ್ನು ಮರೆಸಿದವನಿಗೆ ಪರರ ಕಾಲವೂ ಕಾಣದು. ಸಂದೇಶವನ್ನು ಓದಿದ್ದನ್ನು ಸಾರುವ ತನ್ನ ನೀಲಿ ಗೀಟನ್ನು ಅಡಗಿಸಿದವನಿಗೆ ಪರರ ನೀಲಿ ಗೀಟೂ ಇಲ್ಲ. ಕರ್ಮಫಲವು ಜನ್ಮಾಂತರಕ್ಕೆ ಕಾಯದೆ ತತ್‌ಕ್ಷಣವೇ ದೊರೆಯುವ ಏಕೈಕ ಸ್ಥಾನವಿದು. “ಸೀರಿ ಎಂದು ಬಿಡಸ್ತಿ?” ಎಂಬ ಸಾವುಕಾರನ ಸಂದೇಶವನ್ನು ಓದಿಯೂ ಓದದವನಾಗಿರಬೇಕೆಂದು ನೀಲಿ ಗೀಟನ್ನು ಅಡಗಿಸಿದ ನೇಕಾರನು, “ಮುಂಗಡ ಎಂದು ಕಳಸ್ತೀರಿ?” ಎಂದು ತಾನು ಕೇಳಿದ್ದನ್ನು ಸಾವುಕಾರನು ಓದಿದನೋ ಇಲ್ಲವೋ ಎಂಬ ಸಂಶಯದಲ್ಲಿ ರಾತ್ರಿ ಕಳೆಯುತ್ತಾನೆ.

ಪ್ರಮಾಣ ವಿಚಾರ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಪಡಿಸಿದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು, ರಾಜರಹಸ್ಯವನ್ನು ಗಿಣಿ, ಗೊರವಂಕ, ನಾಯಿಗಳೂ ಹೊರಗೆಡಹಿದ್ದುಂಟೆಂದು ಎಚ್ಚರಿಸುತ್ತಾನೆ. ನೆಂಟರನ್ನು ಆ ಸಾಲಿನಲ್ಲಿ ಹೆಸರಿಸದಿದ್ದುದು ದಾಕ್ಷಿಣ್ಯದಿಂದಿರಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಕಂಠದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಆ ಬಳಿಕ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 3ನೆಯ ಪ್ರಕರಣವಾದರೋ, ವ್ಯಕ್ತಿಯೊಬ್ಬನು ಸ್ವಂತದ ಅಥವಾ ಮನೆವಾರ್ತೆಯ ಉದ್ದೇಶಕ್ಕಾಗಿ ದತ್ತಾಂಶವನ್ನು ಬಳಸಿದರೆ ಕಾಯ್ದೆಯು ಅನ್ವಯಿಸದೆಂದು ವಿಧಿಸುತ್ತದೆ. ಅರ್ಥಾತ್, ಸೋದರಮಾವನಿಗೆ ಸಂಸತ್ತೇ ವಿನಾಯಿತಿ ನೀಡಿದೆ.

ಹಾಗಾದರೆ ‘ಎಕ್ಸೆಪ್ಟ್’ ಪಟ್ಟಿಗೆ ಮಾವನನ್ನು ಸೇರಿಸಿ ಸುಖವಾಗಿರಬಹುದಲ್ಲ ಎಂಬುದು ಪೂರ್ವಪಕ್ಷ. ಸೇರಿಸಬಹುದು, ಆದರೆ ಇನ್ನೊಬ್ಬ ಅಳಿಯನ ಫೋನಿನಲ್ಲಿ ಅವನು ನಮ್ಮ ಸ್ಟೇಟಸ್ಸಿನ ಚಿತ್ರವನ್ನು ನೋಡಿ, ನಾಲ್ಕು ಜನರ ನಡುವೆ, “ಎಲ್ಲರಿಗಿ ಕಂಡದ್ದು ನನಗ್ಯಾಕ ಕಾಣಲಿಲ್ಲಪಾ?” ಎನ್ನುವನು. ಅಲ್ಲಿಗೆ ಮರೆಯಾಗಬೇಕಾಗಿದ್ದ ಅಲ್ಪ ವಿಷಯವೂ, ಮರೆಮಾಡಿದೆವೆಂಬ ಮಹಾ ವಿಷಯವೂ ಏಕಕಾಲದಲ್ಲಿ ಬಯಲಾದಂತಾಯಿತು.

ಆದಕಾರಣ ರಾಜೋಳಿಯ ಸಿದ್ಧಾಂತವು ಬೇರೆ. ಪರಮ ಗೋಪನದ ಗುಂಡಿಯು ನಮ್ಮ ಫೋನಿನಲ್ಲಿಲ್ಲ, ಪರರ ಫೋನಿನಲ್ಲಿದೆ; ಅದರ ಹೆಸರು ‘ಮ್ಯೂಟ್’. ಅವರೇ ಒತ್ತುವಂತೆ ಮಾಡುವುದು ಸಾಧನೆ. ಸಾಧಕನು ಬ್ರಾಹ್ಮೀ ಮುಹೂರ್ತದಲ್ಲೆದ್ದು ಗುಲಾಬಿಯುಳ್ಳ ಶುಭೋದಯವನ್ನೂ, ಆಲಂಪುರದ ನವಬ್ರಹ್ಮ ದೇಗುಲಗಳನ್ನು ದಿನಕ್ಕೊಂದರಂತೆಯೂ, ಹತ್ತನೆಯ ದಿನ ಮತ್ತೆ ಮೊದಲಿನಿಂದಲೂ ಸ್ಟೇಟಸ್ಸಿನಲ್ಲಿ ಹಾಕುತ್ತಿರತಕ್ಕದ್ದು. ಹೊಳೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: 2009ರ ಅಕ್ಟೋಬರಿನ ನೆರೆಯನ್ನು ಉಂಡ ಊರಾದ್ದರಿಂದ ಏರಿದ ತುಂಗಭದ್ರೆಯ ಚಿತ್ರವನ್ನು ಜನ ಕಣ್ಣಿಟ್ಟು ನೋಡುತ್ತಾರೆ; ಆದ್ದರಿಂದ ಸುಂಕೇಸುಲ ಅಣೆಕಟ್ಟೆಯ ಚಿತ್ರವನ್ನು ನೀರಿಲ್ಲದ ತಿಂಗಳುಗಳಲ್ಲಿಯೇ ಹಾಕುವುದು ವಿಹಿತ. ಹೀಗೆ ಮಂಡಲ ಕಾಲ ನಡೆಸಿದರೆ ಮಾವನು ತಾನಾಗಿಯೇ ಮ್ಯೂಟ್ ಮಾಡುವನು. ಆಮೇಲೆ ಒಂಬತ್ತು ಗೋಪ್ಯಗಳನ್ನೂ ‘ಎವರಿವನ್’ ಮುಂದೆ ಹರವಿಟ್ಟರೂ ಭಂಗವಿಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ಕಂಡಿಕೆಗೊಂದು ದಿನದಂತೆ ಸ್ಟೇಟಸ್ಸಿನಲ್ಲಿ ಹಾಕುವವನು ಮಂಡಲವನ್ನೂ ಕಾಯಬೇಕಾಗಿಲ್ಲ, ಮೂರನೆಯ ಕಂಡಿಕೆಗೇ ಅವನಿಗೆ ಸಿದ್ಧಿಯುಂಟಾಗುವುದು.